ಒಂದೇ ಅಳತೆಯ ಸೌಟು

“ಗುರುಗಳೇ, ಇರುವ ಅಷ್ಟಿಷ್ಟರಲ್ಲೇ ಎಲ್ಲರೂ ಚೆನ್ನಾಗಿ ಉಣ್ಣುವುದು ಹೇಗೆ?” ಎಂದು ಮಠದಲ್ಲಿ ಬಡಿಸುವ ಕೆಲಸ ಹೊತ್ತಿದ್ದ ಶಿಷ್ಯ ಕೇಳಿದ. ಅವನ ದನಿ ಸೋತಿತ್ತು. “ಈ ವರ್ಷ ಕಾಳುಕಡಿ ಕಡಿಮೆ ಬಂದಿದೆ. ಒಬ್ಬರಿಗೂ ಅಳತೆ ತಪ್ಪದಂತೆ ಬಡಿಸುತ್ತೇನೆ. ಆದರೂ ಎಲೆ ಮುಂದಿನಿಂದ ಗೊಣಗುತ್ತಲೇ ಏಳುತ್ತಾರೆ. ಸಾಕಾಗಿದೆ ನನಗೆ.”

ಗುರು ಹೇಳಿದರು:

ಒಬ್ಬ ಕಂಬಳಿ ನೇಯುವವನಿದ್ದ. ನ್ಯಾಯ ತಪ್ಪದವನು. ಒಂದು ವರ್ಷ ಕಂಬಳಿ ಕೇಳುವವರಿಲ್ಲದೆ ಮನೆಯಲ್ಲಿ ಕಾಳಿಗೆ ತತ್ವಾರವಾಯಿತು. ಅದೇ ಹೊತ್ತಿಗೆ ಮಗಳು ಹೆರಿಗೆಗೆ ಬಂದು ಬಾಣಂತಿಯಾದಳು. ಮುದಿ ತಾಯಿ, ಬಾಣಂತಿ, ಹೆಂಡತಿ, ತಾನು. ಇಷ್ಟು ಹೊಟ್ಟೆಗೆ ಒಂದು ಗಡಿಗೆ ಹುರುಳಿ ಸಾರು. ಹೆಂಡತಿಯ ಕೈ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಬಡಿಸುತ್ತದೆಂದು ಅವನಿಗೆ ಅನ್ನಿಸಿತು. ಸೌಟನ್ನು ತಾನೇ ಹಿಡಿದ.

ಎಲ್ಲರಿಗೂ ಒಂದೊಂದು ಮುದ್ದೆ, ಎರಡೆರಡು ಸೌಟು ಸಾರು. ಮೊದಲು ತಾಯಿಗೆ, ಆಮೇಲೆ ಬಾಣಂತಿಗೆ, ಹೆಂಡತಿಗೆ, ಕಡೆಗೆ ತನಗೆ. ಗಡಿಗೆಯ ತಳ ಕೆದಕುವುದು ಆಸೆಬುರುಕರ ಚಾಳಿ ಎಂದು ಅವನ ಎಣಿಕೆ. ಮೇಲಿನಿಂದಲೇ ಮೊಗೆಯುತ್ತಿದ್ದ. ತನ್ನ ಸರದಿ ಬರುವಷ್ಟರಲ್ಲಿ ಸಾರು ಆರಿರುತ್ತಿತ್ತು, ಆದರೂ ರುಚಿಸುತ್ತಿತ್ತು. ಕಾದು ಉಂಡವನ ರುಚಿಯೇ ಬೇರೆ ಎಂದುಕೊಂಡ.

ಬರಬರುತ್ತ ಬಾಣಂತಿಯ ಎದೆಹಾಲು ಇಂಗತೊಡಗಿತು. ಕೂಸಿನ ಅಳು ಸಣ್ಣದಾಯಿತು. ಮಗ್ಗದ ಮುಂದೆ ಕೂತವನಿಗೆ ಅದನ್ನು ಕೇಳಿ ಕೇಳಿ ಕೈ ಓಡುತ್ತಿರಲಿಲ್ಲ.

“ಅವಳಿಗೆ ಊಟ ಸಾಲ್ತಿಲ್ಲ ಕಣ್ರೀ,” ಎಂದಳು ಹೆಂಡತಿ.

ಅವನು ಸೌಟನ್ನು ಎತ್ತಿ ಹಿಡಿದ. “ಇದೇನು ನನಗೊಂದು, ಅವಳಿಗೊಂದು ಇದೆಯೇನೇ? ಕಡೆಗೆ ಉಂಬೋನು ನಾನು. ನಾನೇ ನೆಟ್ಟಗಿದೀನಿ. ಅವಳು ಉಂಡದ್ದು ಬೆಕ್ಕಿನ ಹೊಟ್ಟೆಗೆ ಹೋಗುತ್ತೇನು?”

ಹೆಂಡತಿ ಬೂದಿ ತೆಗೆಯಲು ಒಲೆಯತ್ತ ತಿರುಗಿದಳು.

ಒಂದು ದಿನ ಅವನು ಜ್ವರ ಬಂದು ಮಲಗಿದ. ಹೆಂಡತಿ ಎಲ್ಲರಿಗಿಂತ ಮೊದಲು ಅವನಿಗೇ ಬಡಿಸಿ ತಂದಳು. ತಟ್ಟೆಯಲ್ಲಿ ಬೆರಳಾಡಿಸಿದ. ಒಂದು ಕಾಳೂ ಸಿಗಲಿಲ್ಲ.

“ಏನೇ ಇದು? ಕೈ ತೊಳೆದ ನೀರು ತಂದಿಟ್ಟಿದೀಯಾ?”

“ಅದೇ ಸೌಟು, ಎರಡು ಸಲ. ತಳ ಕೆದಕಿಲ್ಲ, ನಿಮ್ಮ ಹಾಗೇ ಮೇಲಿಂದ ಮೊಗೆದೀನಿ. ನಿಮ್ಮವ್ವ, ನಿಮ್ಮ ಮಗಳು ದಿನಾ ಉಂಬೋದು ಇದನ್ನೇ. ಕಾಳು ತಳದಲ್ಲಿ ಕೂತಿರ್ತವೆ. ಅವು ಕಡೇ ತಟ್ಟೆಗೆ.”

“ಬಾಯಿಬಿಟ್ಟು ಹೇಳಬಾರದಿತ್ತೇ?”

“ಹೇಳಿದೆ. ನೀವು ಸೌಟು ತೋರಿಸಿದ್ರಿ.”

ಒಳಗೆ ಕೂಸು ಅಳುತ್ತಿತ್ತು. ಅವನು ತಟ್ಟೆ ಸರಿಸಿದ. ಗೋಡೆ ಹಿಡಿದುಕೊಂಡು ಒಲೆಯವರೆಗೆ ಹೋದ. ಸೌಟನ್ನು ಗಡಿಗೆಯ ತಳಕ್ಕೆ ಇಳಿಸಿ ಕಾಳು ಮೊಗೆದು ಮಗಳ ತಟ್ಟೆಗೆ ಸುರಿದ.

ಗುರು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಹೊರೆ ಇಳಿದಂತಾಯಿತು. “ನಾಳೆಯಿಂದ ತಳದಿಂದ ಕಲಕಿ ಬಡಿಸುತ್ತೇನೆ. ಇಷ್ಟು ಸಣ್ಣ ವಿಷಯ, ಇಷ್ಟು ದಿನ ನನಗೆ ತಿಳಿಯಲೇ ಇಲ್ಲವಲ್ಲ ಗುರುಗಳೇ!”

ಗುರು ಎಂದರು: “ಕಡೆಯ ಪಂಕ್ತಿಯಲ್ಲಿ ಉಣ್ಣುವ ನಿನಗೆ ಅದು ತಿಳಿಯುವುದಾದರೂ ಹೇಗೆ?”