ಗಲ್ಲಪ್ಪನೂ ಜುಮ್ಮಿನ ಬೇರೂ

ಒಂದು ಕಾಡಿನಲ್ಲಿ ಯಾರನ್ನೂ ನಂಬದ ಕೋತಿಯೊಂದಿತ್ತು. ಹೆಸರು ಗಲ್ಲಪ್ಪ. ಕೋತಿಗಳಿಗೆಲ್ಲ ಕೆನ್ನೆಯೊಳಗೆ ಒಂದು ಚೀಲವಿರುತ್ತದಲ್ಲ, ಇವನದು ಎಲ್ಲರದಕ್ಕಿಂತ ದೊಡ್ಡದು. ಅದಕ್ಕೇ ಆ ಹೆಸರು. ಗುಂಪು ನೀರು ಕುಡಿಯಲು ಹಳ್ಳಕ್ಕೆ ಇಳಿದಾಗ ಅತ್ತಿ ಮರದ ತುದಿಯಲ್ಲಿ ಕೂತು ಕಾವಲು ಕಾಯುವುದು ಅವನ ಕೆಲಸ. ಪೊದೆ ಅಲುಗಿದರೆ ಸಾಕು, ಬಾಯಿ ಅಗಲಿಸಿ "ಖೇ! ಖೇ!" ಎಂದು ಕೂಗುತ್ತಿದ್ದ. ಆ ಕೂಗು ಕೇಳಿದೊಡನೆ ಮರಿಗಳು ತಾಯಂದಿರ ಹೊಟ್ಟೆಗೆ ಅಂಟಿಕೊಂಡು ಮರ ಸೇರುತ್ತಿದ್ದವು. ಎಲ್ಲರನ್ನೂ ಅನುಮಾನಿಸುವವನನ್ನೇ ಕಾವಲಿಗೆ ಇಟ್ಟದ್ದು ಒಳ್ಳೆಯದೇ ಆಯಿತು ಎಂದು ಗುಂಪು ನೆಮ್ಮದಿಯಾಗಿತ್ತು.

ಒಂದು ಚಳಿಗಾಲದ ಬೆಳಗ್ಗೆ ಮೆಲ್ಲಣ್ಣ ಎಂಬ ನರಿ ಅತ್ತಿ ಮರದ ಬುಡಕ್ಕೆ ಬಂದ. ಗಲ್ಲಪ್ಪ ಕೂಗಲು ಬಾಯಿ ತೆರೆದ.

"ತಡಿ ಮಾರಾಯ, ಉದುರಿದ ಹಣ್ಣು ತಿನ್ನೋಕೆ ಬಂದೋನು ನಾನು," ಎಂದ ಮೆಲ್ಲಣ್ಣ. "ಈ ಕಾಡಲ್ಲಿ ನನಗೆ ಯಾರ ಮೇಲೂ ನಂಬಿಕೆ ಇಲ್ಲ. ಅದಕ್ಕೇ ಒಂಟಿಯಾಗಿ ತಿರುಗ್ತೀನಿ. ನಿನ್ನ ಕಣ್ಣು ನೋಡಿದರೆ ನೀನೂ ನನ್ನ ಹಾಗೇ ಅನ್ಸುತ್ತೆ."

ಯಾರನ್ನೂ ನಂಬದ ಗಲ್ಲಪ್ಪ ನರಿಯನ್ನು ಹೇಗೆ ನಂಬಿದ ಎಂದು ಕೇಳುತ್ತೀರಾ? ಅನುಮಾನದವರಿಗೆ ಇನ್ನೊಬ್ಬ ಅನುಮಾನದವನು ಸಿಕ್ಕರೆ ಕಳೆದುಹೋದ ಅಣ್ಣತಮ್ಮ ಸಿಕ್ಕಷ್ಟು ಸಂತೋಷ. ಗಲ್ಲಪ್ಪ ಬಾಯಿ ಮುಚ್ಚಿಕೊಂಡ.

ನರಿ ತಾನು ಕಚ್ಚಿಕೊಂಡು ಬಂದಿದ್ದ ಬೇರಿನ ತುಂಡೊಂದನ್ನು ಬುಡದಲ್ಲಿ ಇಟ್ಟ. "ಇದು ಜುಮ್ಮಿನ ಬೇರು. ನೆಲದಡಿ ಮೊಳ ಆಳದಲ್ಲಿರುತ್ತೆ, ನಿನ್ನ ಬೆರಳಿಗೆ ಸಿಕ್ಕೋದಲ್ಲ. ಕೆನ್ನೇಲಿ ಒತ್ತಿಟ್ಟುಕೋ. ತೂಕಡಿಕೆ ಹತ್ತಿರ ಸುಳಿಯೋಲ್ಲ. ಕಾವಲಿನವರಿಗೆ ಅಂತಲೇ ದೇವರು ಮಾಡಿದ್ದು."

ಗಲ್ಲಪ್ಪ ಬೇರನ್ನು ಕೆನ್ನೆಯ ಚೀಲಕ್ಕೆ ಸೇರಿಸಿದ. ನಾಲಿಗೆ ಜುಮ್ಮೆಂದಿತು. ತಲೆ ಹಗುರಾಯಿತು. ಚಳಿಯೂ ಬಿಟ್ಟಿತು. ಮರುದಿನ ಅವನೇ ಬುಡದತ್ತ ಇಣುಕಿ ನರಿಗಾಗಿ ಕಾದ. ಹದಿನೈದು ದಿನ ಕಳೆಯುವಷ್ಟರಲ್ಲಿ ಕೆನ್ನೆಯಲ್ಲಿ ಬೇರಿಲ್ಲದೆ ಅವನಿಗೆ ಬೆಳಗೇ ಆಗುತ್ತಿರಲಿಲ್ಲ.

ತಿಂಗಳು ಕಳೆಯಿತು. ಬಾಯಲ್ಲಿ ಹುಣ್ಣು ಎದ್ದಿತು. ಮಾಯಿತು, ಮತ್ತೆ ಎದ್ದಿತು. ಅತ್ತಿ ಹಣ್ಣು ಕಚ್ಚಿದರೆ ಬೆಂಕಿ ಇಟ್ಟಂತೆ ಉರಿ. ಹಲ್ಲು ನೋವು, ಕಿವಿಯ ಬುಡದಲ್ಲಿ ಸೆಳೆತ, ಆಗಾಗ ಜ್ವರ.

"ಇದು ಬರೀ ಹುಣ್ಣಲ್ಲ ಗಲ್ಲಪ್ಪ," ಎಂದ ಮೆಲ್ಲಣ್ಣ, ಸುತ್ತಮುತ್ತ ನೋಡಿ ದನಿ ತಗ್ಗಿಸಿ. "ಯಾರೋ ನಿಂಗೆ ಕೈಮದ್ದು ಹಾಕಿದಾರೆ."

"ಮದ್ದು ಹಾಕಿದಾರಾ? ಯಾರು?"

"ಹೆಸರು ಹೇಳಿ ನಾನ್ಯಾಕೆ ಕೆಟ್ಟೋನಾಗಲಿ? ನಿಂಗೆ ತಿನ್ನೋಕೆ ಕೊಡೋರು ಯಾರು, ಮೈ ಮುಟ್ಟೋರು ಯಾರು, ನೀನೇ ಯೋಚನೆ ಮಾಡು."

ಅಷ್ಟು ಸಾಕಾಯಿತು. ಗಲ್ಲಪ್ಪ ಯೋಚನೆ ಮಾಡಿದ. ಮೊದಲು ಅಳಿಲಿನ ಮೇಲೆ ಕಣ್ಣು ಬಿತ್ತು. ಅರ್ಧ ಕಚ್ಚಿದ ಹಣ್ಣನ್ನು ಅದು ಇವನ ಕೊಂಬೆಯ ಮೇಲೇ ಏಕೆ ಬಿಟ್ಟುಹೋಗಬೇಕು? ಮರದಿಂದ ಅದನ್ನು ಓಡಿಸಿದ. ಹುಣ್ಣು ಹೋಗಲಿಲ್ಲ. ಆಮೇಲೆ ಮುಳ್ಳುಹಂದಿ. ಹಳ್ಳದ ದಂಡೆಯಲ್ಲಿ ಅದು ಏನನ್ನೋ ಕೆರೆಯುತ್ತಿತ್ತು, ನೀರಿಗೇ ಏನೋ ಬೆರೆಸುತ್ತಿರಬೇಕು. "ನಾನು ಗೆಡ್ಡೆ ಅಗೀತಿದ್ದೆ ಕಣಪ್ಪ," ಎಂದಿತು ಮುಳ್ಳುಹಂದಿ. ಸಿಕ್ಕಿಬಿದ್ದ ಕಳ್ಳರೆಲ್ಲ ಹೀಗೇ ಹೇಳುವುದು ಎಂದುಕೊಂಡ ಗಲ್ಲಪ್ಪ, ಬೇರೆ ಗುಂಡಿಯ ನೀರು ಕುಡಿಯತೊಡಗಿದ. ಹುಣ್ಣು ಹೋಗಲಿಲ್ಲ.

ಕೊನೆಗೆ ಅನುಮಾನ ಒಡಹುಟ್ಟಿದ ತಂಗಿ ಸಿಂಗಾರಿಯ ಮೇಲೆ ಹೋಯಿತು. ಅವಳು ದಿನವೂ ಹೇನು ಹೆಕ್ಕುತ್ತಿದ್ದಳು, ಒಳ್ಳೆಯ ಹಣ್ಣು ಸಿಕ್ಕರೆ ಅಣ್ಣನಿಗೆ ಎತ್ತಿಡುತ್ತಿದ್ದಳು. ಇಷ್ಟೊಂದು ಪ್ರೀತಿ ಯಾಕೆ? ಏನಿದರ ಒಳಗುಟ್ಟು?

"ಬೆನ್ನು ತಿರುಗಿಸು, ಹೇನು ನೋಡ್ತೀನಿ," ಎಂದು ಒಂದು ದಿನ ಅವಳು ಹತ್ತಿರ ಬಂದಾಗ ಗಲ್ಲಪ್ಪ ಹಲ್ಲು ಕಿರಿದು ಗುರುಗುಟ್ಟಿದ. "ನಿನ್ನ ಬೆರಳಿಗೇನು ಸವರಿಕೊಂಡು ಬಂದಿದ್ದೀಯೆ?"

ಸಿಂಗಾರಿಗೆ ಅಳು ಬಂತು. ಎದೆಗೆ ಕಚ್ಚಿಕೊಂಡಿದ್ದ ಮಗಳು ಚಿಗುರಿಯನ್ನು ಅವಚಿಕೊಂಡು ಬೇರೆ ಕೊಂಬೆಗೆ ಹೋದಳು.

ನಡುವೆ ಒಂದು ವಾರ ಮೆಲ್ಲಣ್ಣ ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಗುಹೆಯಲ್ಲೇ ಉಳಿದ. ಬೇರಿಲ್ಲದ ಆ ವಾರದಲ್ಲಿ ಗಲ್ಲಪ್ಪನ ಹುಣ್ಣು ಒಣಗುತ್ತಾ ಬಂತು. ಎಂಥ ಪೆದ್ದನಿಗೂ ಇಷ್ಟು ಹೊತ್ತಿಗೆ ಬುದ್ಧಿ ಬರಬೇಕಿತ್ತು. ಗಲ್ಲಪ್ಪನಿಗೆ ಹೊಳೆದದ್ದೇ ಬೇರೆ: "ಓಹೋ! ನನ್ನ ಸ್ನೇಹಿತ ಬರಲಿಲ್ಲ, ಹೊಟ್ಟೆಕಿಚ್ಚಿನವರಿಗೆ ಸಮಾಧಾನವಾಯಿತು. ಮದ್ದು ಹಾಕೋದು ನಿಲ್ಲಿಸಿದರು!" ಅನುಮಾನಕ್ಕೆ ಮದ್ದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೆ?

ಮೆಲ್ಲಣ್ಣ ಬಂದ, ಬೇರು ಬಂತು, ಹುಣ್ಣೂ ಬಂತು. ಈ ಸಲ ಇನ್ನೊಂದು ತೊಂದರೆ ಜೊತೆಗೂಡಿತು. ಗಲ್ಲಪ್ಪನ ಬಾಯಿ ಪೂರ್ತಿ ತೆರೆಯುತ್ತಿರಲಿಲ್ಲ. ಇಡೀ ಅತ್ತಿ ಹಣ್ಣನ್ನು ಒಮ್ಮೆಗೇ ಬಾಯಿಗೆ ಎಸೆದುಕೊಳ್ಳುತ್ತಿದ್ದವನು ಈಗ ಹಣ್ಣು ಸೀಳಿ ಚೂರು ಚೂರಾಗಿ ತೂರಿಸಬೇಕಾಯಿತು.

ಗುಂಪಿನ ಹಿರಿಯಳು ಕೆಂಚಜ್ಜಿ ಇದನ್ನು ಗಮನಿಸಿದಳು. "ಬಾಯಿ ತೆರಿ," ಎಂದಳು. ತೆರೆದ ಬಾಯಿಗೆ ತನ್ನ ಬೆರಳು ಅಡ್ಡ ಹಿಡಿದು ನೋಡಿದಳು. "ಮೂರು ಬೆರಳು ಹೋಗಬೇಕಾದ ಕಡೆ ಎರಡೇ ಹೋಗ್ತಿದೆ. ಕೆನ್ನೇಲಿರೋ ಆ ದರಿದ್ರವನ್ನ ಉಗುಳೋ."

"ಅದರಿಂದಲೇ ನಾನು ಎಚ್ಚರ ಇರೋದು ಅಜ್ಜಿ."

"ಎಚ್ಚರ ಇದ್ದು ಏನು ಮಾಡ್ತೀಯ? ಕಂಡದ್ದನ್ನು ಕೂಗೋಕೆ ಬಾಯಿ ಬೇಡವೆ?"

ಗಲ್ಲಪ್ಪ ಮುಖ ತಿರುಗಿಸಿದ. ಅಜ್ಜಿಗೆ ತನ್ನ ಮಗನನ್ನು ಕಾವಲಿಗೆ ಕೂರಿಸುವ ಆಸೆ ಇರಬೇಕು, ಅದಕ್ಕೇ ಈ ನಾಟಕ ಎಂದುಕೊಂಡ. ಆದರೂ ಮಾತು ಎಲ್ಲೋ ನಾಟಿತ್ತು. ಮದ್ದು ಹಾಕುವವರು ಯಾರೆಂದು ಈ ಸಲ ಪತ್ತೆ ಹಚ್ಚಿಯೇ ಬಿಡೋಣ ಎಂದು ಹಟ ಹಿಡಿದ. ಎಂಟು ದಿನ ಯಾರ ಕೈಯಿಂದಲೂ ಒಂದು ಹಣ್ಣು ಮುಟ್ಟಲಿಲ್ಲ. ಯಾರಿಗೂ ಮೈ ಕೊಡಲಿಲ್ಲ. ಕಾವಲಿನ ಹೊತ್ತು ಬಿಟ್ಟರೆ ಒಂಟಿ ಮರದಲ್ಲಿ ಕೂತು, ತಾನೇ ಕಿತ್ತ ಚಿಗುರನ್ನೇ ತಿಂದ. ಎಲೆಯ ಮೇಲಿನ ಇಬ್ಬನಿ ನೆಕ್ಕಿದ. ಹೊರಗಿನಿಂದ ಬಾಯಿಗೆ ಹೋದದ್ದು ಮೆಲ್ಲಣ್ಣ ತಂದ ಬೇರು ಮಾತ್ರ.

ಎಂಟನೆಯ ದಿನ ತನ್ನ ಬೆರಳನ್ನೇ ಬಾಯಿಗಿಟ್ಟು ನೋಡಿದ. ಒಂದೇ ಒಂದು ಹೋಯಿತು.

ಅಳಿಲು ಹತ್ತಿರ ಬಂದಿರಲಿಲ್ಲ, ಮುಳ್ಳುಹಂದಿಯ ನೀರು ಕುಡಿದಿರಲಿಲ್ಲ, ತಂಗಿ ಮುಟ್ಟಿರಲಿಲ್ಲ. ಅನುಮಾನಿಸಲು ಯಾರೂ ಉಳಿದಿರಲಿಲ್ಲ. ಉಳಿದದ್ದು ಕೆನ್ನೆಯಲ್ಲಿ ಬೆಚ್ಚಗೆ ಕೂತಿದ್ದ ಆ ತುಂಡು, ಮತ್ತು ಅದನ್ನು ತಂದುಕೊಟ್ಟವನು.

ಆಗ ಒಂದೊಂದೇ ನೆನಪಾಯಿತು. ಮೆಲ್ಲಣ್ಣ ದಿನಾ ಕೇಳುತ್ತಿದ್ದ: "ಇವತ್ತು ಹೇಗಿದೆ? ಎಲ್ಲಿ, ಒಂದು ಸಲ ಕೂಗಿ ತೋರಿಸು." ಗಲ್ಲಪ್ಪ ಕೂಗಿದರೆ ಕಿವಿ ನಿಮಿರಿಸಿ ಕೇಳುತ್ತಿದ್ದ. ದನಿ ಕುಗ್ಗಿದ ದಿನ "ಅಯ್ಯೋ ಪಾಪ" ಎನ್ನುತ್ತಿದ್ದ, ಬಾಲ ಮಾತ್ರ ಅಲ್ಲಾಡುತ್ತಿತ್ತು. ನಿನ್ನೆಯಂತೂ ಕೂಗು ಹೊರಟೇ ಇರಲಿಲ್ಲ. ನರಿ ಎಂದೂ ಕೊಡದಷ್ಟು ದೊಡ್ಡ ತುಂಡು ಕೊಟ್ಟು ಹೋಗಿದ್ದ.

ಗಲ್ಲಪ್ಪ ಕೊಂಬೆಯಿಂದ ಕೊಂಬೆಗೆ ಹಾರಿ ಅತ್ತಿ ಮರಕ್ಕೆ ಓಡಿದ. ಹೊತ್ತು ನೆತ್ತಿಗೇರಿತ್ತು. ಅಣ್ಣ ಎಂದಿನಂತೆ ಕಾವಲಿಗೆ ಬಂದನೆಂದು ನಂಬಿ ಸಿಂಗಾರಿ ಚಿಗುರಿಯನ್ನು ಕರೆದುಕೊಂಡು ಎಲ್ಲರಿಗಿಂತ ಮೊದಲು ನೀರಿಗೆ ಇಳಿದಳು. ಮೇಲಿಂದ ಗಲ್ಲಪ್ಪನಿಗೆ ಎಲ್ಲವೂ ಕಂಡಿತು. ಜೊಂಡಿನ ಸಂದಿಯಲ್ಲಿ ಕಂದು ಬೆನ್ನು, ನೆಲಕ್ಕೆ ಒತ್ತಿದ ಹೊಟ್ಟೆ. ಅದು ಮೆಲ್ಲಣ್ಣನೇ. ಚಿಗುರಿ ಅವನಿಂದ ನಾಲ್ಕು ಮಾರು ದೂರದಲ್ಲಿ ಬೆಣಚುಕಲ್ಲು ಆರಿಸುತ್ತಾ ಕೂತಿದ್ದಳು.

ಗಲ್ಲಪ್ಪ ಕೂಗಿದ. ಕೂಗಿದೆನೆಂದುಕೊಂಡ, ಅಷ್ಟೆ. ಬಾಯಿ ಬೆರಳಗಲಕ್ಕೆ ನಿಂತುಬಿಟ್ಟಿತು. "ಹ್ಞೂಂ... ಹ್ಞೂಂ..." ಹಳ್ಳದ ನೀರಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಅವನು ಕೊಂಬೆ ಜಗ್ಗಿದ, ಎದೆ ಬಡಿದುಕೊಂಡ, ಕೆಳಕ್ಕೆ ಧುಮುಕಿದ. ಆ ಹೊತ್ತಿಗೆ ನರಿ ಹಾರಿಯಾಗಿತ್ತು.

ಮೆಲ್ಲಣ್ಣ ಗುರಿ ತಪ್ಪಲಿಲ್ಲ. ನೇರ ಚಿಗುರಿಯ ಮೇಲೇ ಬಿದ್ದ. ಆದರೆ ಕಚ್ಚಲು ಬಾಯಿ ತೆರೆಯಲು ಹೋದರೆ, ಬಾಯಿ ತೆರೆಯಲಿಲ್ಲ! ಮೂತಿ ಅವಳಿಗೆ ದಬ್ಬೆಂದು ತಗುಲಿತು, ಅಷ್ಟೆ. ಮರಿ ಉರುಳಿ ನೀರಿಗೆ ಬಿತ್ತು. ಚೀರಿತು. ಸಿಂಗಾರಿ ಒಂದೇ ನೆಗೆತಕ್ಕೆ ಬಂದು ಮಗಳನ್ನು ಬಾಚಿಕೊಂಡು ಮರ ಹತ್ತಿದಳು. ನರಿ ದಂಡೆಯಲ್ಲಿ ನಿಂತು ಮುಂಗಾಲಿನಿಂದ ತನ್ನ ದವಡೆಯನ್ನು ತಾನೇ ಕೆರೆದುಕೊಳ್ಳುತ್ತಿದ್ದ.

ದಿನಾ ಬೇರು ಬಗೆದು, ಹಲ್ಲಿನಲ್ಲಿ ಕಚ್ಚಿ, ಅಷ್ಟು ದೂರ ಹೊತ್ತು ತಂದವನು ಅವನೇ ಅಲ್ಲವೆ? ಗಲ್ಲಪ್ಪನಿಗಿಂತ ಮೊದಲು ರಸ ಇಳಿದದ್ದು ಅವನ ಬಾಯಿಗೇ. ಉದುರಿದ ಮೆತ್ತನೆ ಹಣ್ಣು ತಿನ್ನುತ್ತಿದ್ದವನಿಗೆ ದವಡೆ ಬಿಗಿದದ್ದು ಅಷ್ಟು ದಿನ ತಿಳಿದೇ ಇರಲಿಲ್ಲ. ಮಾಡಿದ್ದುಣ್ಣೋ ಮಹರಾಯ!

ಗಲ್ಲಪ್ಪ ಕೆನ್ನೆಯ ಬೇರನ್ನು ಬೆರಳಿನಿಂದ ಕಿತ್ತು ಹಳ್ಳಕ್ಕೆ ಎಸೆದ. ನಂತರ ಮರ ಹತ್ತಿ ತಂಗಿಯ ಮುಂದೆ ಕೂತ. ಅವನಿಗೆ ತಲೆ ಎತ್ತಲಾಗಲಿಲ್ಲ.

"ಮದ್ದು ಹಾಕ್ತಿದ್ದೋನು ನಾನೇ ಕಣೆ," ಎಂದ. "ನಂಗೆ ನಾನೇ."

ಸಿಂಗಾರಿ ಇನ್ನೂ ನಡುಗುತ್ತಿದ್ದ ಮಗಳನ್ನು ಒರೆಸುತ್ತಾ ಕೂತಿದ್ದಳು. ಕೆಂಚಜ್ಜಿ ಗಲ್ಲಪ್ಪನನ್ನು ಕಾವಲಿನಿಂದ ಇಳಿಸಿ ತನ್ನ ಮಗನನ್ನು ಕೂರಿಸಿದಳು. ಅದರಲ್ಲಿ ಗಲ್ಲಪ್ಪನಿಗೆ ಯಾವ ಸಂಚೂ ಕಾಣಲಿಲ್ಲ.

ಚಟ ಬಿಡುವುದೆಂದರೆ ಎಸೆದಷ್ಟು ಸುಲಭವಲ್ಲ. ಮೊದಲ ದಿನಗಳಲ್ಲಿ ತಲೆ ಸಿಡಿಯಿತು, ಕಂಡವರ ಮೇಲೆಲ್ಲ ಸಿಡಿಮಿಡಿ. ಒಂದು ಮಧ್ಯಾಹ್ನವಂತೂ ತಾನು ಹಿಂದೆ ಉಗುಳಿದ್ದ ಒಣ ನಾರನ್ನು ಹುಡುಕುತ್ತಾ ಮರದ ಬುಡದಲ್ಲಿ ಎಲೆ ಕೆದಕುತ್ತಿದ್ದ. ಚಿಗುರಿ ಮೇಲಿನಿಂದ ಇಣುಕಿ, "ಮಾವ, ಏನು ಕಳ್ಕೊಂಡೆ?" ಎಂದು ಕೇಳಿದಳು. ಅವನಿಗೆ ನಾಚಿಕೆಯಿಂದ ಸತ್ತಂತಾಯಿತು. ಆಮೇಲೆ ಬಾಯಿ ಚಡಪಡಿಸಿದಾಗಲೆಲ್ಲ ಒಂದು ನೆಲ್ಲಿಕಾಯಿ ಕೆನ್ನೆಗಿಟ್ಟುಕೊಂಡ. ಕೆಂಚಜ್ಜಿ ಹೇಳಿಕೊಟ್ಟಂತೆ ಬೆಳಗ್ಗೆ ಸಂಜೆ ಕಣ್ಣೀರು ಬರುವವರೆಗೆ ಬಾಯಿ ಅಗಲಿಸಿದ. ಹುಣ್ಣು ಮಾಯಿತು. ಜ್ವರ ಮತ್ತೆ ಬರಲಿಲ್ಲ. ಒಂದು ಬೆರಳು ಎರಡಾಯಿತು. ಮೂರು ಆಗಲೇ ಇಲ್ಲ. ಅಷ್ಟು ಹೋದದ್ದು ಹೋಯಿತು.

ಬೇಸಿಗೆಯ ಒಂದು ದಿನ ಮೆಲ್ಲಣ್ಣ ಮತ್ತೆ ಬಂದ. ಪಕ್ಕೆಲುಬು ಎಣಿಸುವಂತಿದ್ದ. ಹಲ್ಲಿನ ನಡುವೆ ಹಸಿ ಬೇರು, ಅದರ ವಾಸನೆ ಮರದ ಮೇಲಕ್ಕೂ ಬಂತು. ಕಾವಲಿಗಿದ್ದ ಅಜ್ಜಿಯ ಮಗ ಬಿಸಿಲಿಗೆ ಜೊಂಪು ಹತ್ತಿ ಒರಗಿದ್ದ. ಕೆಳಗೆ ನೆರಳಿನಲ್ಲಿ ಮರಿಗಳು ಆಡುತ್ತಿದ್ದವು.

"ಗಲ್ಲಪ್ಪ, ಹಳೇದೆಲ್ಲ ಮರೆತುಬಿಡು," ಎಂದ ನರಿ, ಹಲ್ಲು ಕಚ್ಚಿಕೊಂಡೇ. "ನನಗೂ ಇದು ಬಿಡೋಕಾಗ್ತಿಲ್ಲ. ಒಬ್ಬನೇ ಜಗಿಯೋಕೆ ಬೇಜಾರು. ಒಂದೇ ಒಂದು ಚೂರು ತಗೋ. ಒಂದು ಚೂರಿಗೆ ಏನಾಗುತ್ತೆ? ಇಬ್ಬರೂ ಕೂತು ಜಗಿಯೋಣ, ಮರಿಗಳು ಅವರ ಪಾಡಿಗೆ ಆಡಿಕೊಳ್ಳಲಿ."

ಗಲ್ಲಪ್ಪನ ಬಾಯಲ್ಲಿ ನೀರೂರಿತು. ಸುಳ್ಳೇಕೆ ಹೇಳಬೇಕು, ಕೈ ತಾನಾಗಿ ಕೆಳಕ್ಕೆ ಚಾಚಿತ್ತು. ಆ ಕೈಯನ್ನು ನೋಡಿ ಅವನಿಗೆ ದಿಗಿಲಾಯಿತು. ಅಳಿಲನ್ನು, ಮುಳ್ಳುಹಂದಿಯನ್ನು, ಹೆತ್ತ ತಾಯಿಯಂತಿದ್ದ ತಂಗಿಯನ್ನು ಅನುಮಾನಿಸಿದವನು ತನ್ನ ಈ ಕೈಯನ್ನು ಒಮ್ಮೆಯೂ ಅನುಮಾನಿಸಿರಲಿಲ್ಲ. ಕೈ ಹಿಂದಕ್ಕೆ ಎಳೆದುಕೊಂಡು ಕೊಂಬೆಯನ್ನು ಗಟ್ಟಿಯಾಗಿ ಹಿಡಿದ. ಬಾಯಿ ತೆರೆದ.

ಬೇರಿಗಾಗಿ ತೆರೆದನೆಂದು ನರಿ ಮೂತಿ ಮುಂದಕ್ಕೆ ಚಾಚಿದ.

"ಖೇ! ಖೇ! ಖೇ!"

ದನಿ ಒಡೆದಿತ್ತು, ಹಿಂದಿನಷ್ಟು ದೊಡ್ಡದಿರಲಿಲ್ಲ. ಆದರೆ ಕಾಡಿಗೆ ಕೇಳಿಸಿತು. ಮರಿಗಳು ಮರಕ್ಕೆ ಹಾರಿದವು, ಅಜ್ಜಿಯ ಮಗ ಬೆಚ್ಚಿ ಎದ್ದ, ಕೋತಿಗಳೆಲ್ಲ ಕಾಯಿ ಕೊಂಬೆ ಸಿಕ್ಕಿದ್ದನ್ನು ಕಿತ್ತು ಎಸೆದವು. ಓಡುವ ಅವಸರದಲ್ಲಿ ಮೆಲ್ಲಣ್ಣ ಮುಳ್ಳುಹಂದಿಯ ಬೆನ್ನಿಗೇ ಹೋಗಿ ಬಿದ್ದ. ಮೂತಿ ತುಂಬ ಮುಳ್ಳು ನೆಟ್ಟರೂ ಅವನಿಗೆ ಬಾಯಿ ಬಿಟ್ಟು ಅರಚಲಾಗಲಿಲ್ಲ. ಹಾಗೇ ಮೂತಿ ಒದರುತ್ತಾ ಕಾಡು ಬಿಟ್ಟು ಹೋದವನು ಮತ್ತೆ ಕಾಣಿಸಲಿಲ್ಲ.

ಸಿಂಗಾರಿ ಚಿಗುರಿಯನ್ನು ಎತ್ತಿಕೊಂಡು ಬಂದು, ಇನ್ನೂ ಏದುಸಿರು ಬಿಡುತ್ತಿದ್ದ ಅಣ್ಣನ ಮಡಿಲಿಗೆ ಹಾಕಿದಳು. "ಹಿಡ್ಕೋ ಇವಳನ್ನ," ಎಂದಳು. "ನಾನು ನೀರು ಕುಡಿದು ಬರ್ತೀನಿ."

ನೀತಿ: ಮೇಲಿಂದ ಮೇಲೆ ಕಾಯಿಲೆ ಬಿದ್ದಾಗ ನೆರೆಹೊರೆಯವರನ್ನು ಅನುಮಾನಿಸುವ ಮೊದಲು ನಮ್ಮ ಚಟವನ್ನು ಅನುಮಾನಿಸಬೇಕು. ಅದನ್ನು ಬೇಗ ಬಿಟ್ಟಷ್ಟೂ ಉಳಿಯುವುದು ಹೆಚ್ಚು.