ಬರಿಗಂಬದ ಬಸದಿ

ಸಿರಿವೊಳಲಿನ ಕೆರೆ ದಾಟಿ ಅರ್ಧ ಹರದಾರಿ ನಡೆದರೆ ಜಾಲಿಮರಗಳ ನಡುವೆ ಒಂದು ಸಣ್ಣ ದಿಬ್ಬ, ಅದರ ಮೇಲೆ ಪಡುವಣಕ್ಕೆ ಬಾಗಿಲಿರುವ ಬಸದಿ. ಒಳಗಿನ ಮಂಟಪಕ್ಕೆ ಹನ್ನೆರಡು ಕಂಬಗಳು. ಹನ್ನೊಂದರ ಮೇಲೆ ಬೆರಳಿಡಲು ಜಾಗವಿಲ್ಲದಷ್ಟು ಕೆತ್ತನೆ. ಈಶಾನ್ಯ ಮೂಲೆಯದು ಮಾತ್ರ ಬುಡದಿಂದ ತುದಿಯವರೆಗೆ ನುಣ್ಣಗೆ, ಬರಿದು. ಬಾಗಿಲ ಬಳಿಯ ನೀಲಿ ಫಲಕದಲ್ಲಿ 'ಒಂದು ಕಂಬ ಅಪೂರ್ಣ' ಎಂದು ಬರೆದಿದ್ದಾರೆ. ಅದನ್ನು ಓದಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಈ ಊರಿನ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದವನು ನಾನು. ಬಸದಿಯ ಮೇಲೆ ಪ್ರಬಂಧ ಬರೆಯುತ್ತೇವೆಂದು ಬಂದವರಿಗೆಲ್ಲ ಶಾಸನ ಸಂಪುಟ, ಹಳೆಯ ನಕ್ಷೆ ಹುಡುಕಿ ತೆಗೆದುಕೊಟ್ಟಿದ್ದೇನೆ. ಕೊನೆಯ ವರ್ಷ ಬಂದ ಒಬ್ಬ ಹುಡುಗಿ ಪುಟ ತಿರುವುವ ಮೊದಲೇ, "ಶಿಲ್ಪಿ ಅರ್ಧದಲ್ಲೇ ಸತ್ತಿರಬೇಕು, ಸರ್" ಎಂದಳು. "ಇರಬೇಕು, ಇರಬೇಕು ಅಂತ ಬರೆಯೋದಾದರೆ ಇಲ್ಲಿಗ್ಯಾಕೆ ಬಂದೆ ತಾಯಿ? ಮನೆಯಲ್ಲೇ ಕೂತು ಬರೀಬಹುದಿತ್ತಲ್ಲ!" ಎಂದು ಗದರಿಬಿಟ್ಟೆ. ಆಮೇಲೆ ಪಾಪ ಅನ್ನಿಸಿ, ಎದುರಿಗೆ ಕೂರಿಸಿಕೊಂಡು ಈ ಕಥೆ ಹೇಳಿದೆ. ಪುಸ್ತಕಗಳಲ್ಲಿ ಇದರ ಬಗ್ಗೆ ಇರುವುದು ಒಂದೇ ಸಾಲು. ಉಳಿದದ್ದೆಲ್ಲ ಹಿರಿಯರ ಬಾಯಲ್ಲಿ ಉಳಿದು ಬಂದದ್ದು.

ಹಿಂದೆ ಒಮ್ಮೆ ಸಿಡಿಲು ಬಡಿದು ಈ ಮಂಟಪ ಕುಸಿದು ಬಿತ್ತಂತೆ. ಕಂಬಗಳು ಗುರುತು ಸಿಗದಂತೆ ನುಚ್ಚುನೂರಾದವು. ಮೊದಲಿದ್ದ ಹಾಗೆಯೇ ಕಟ್ಟಬೇಕೆಂದು ಊರವರು ಕೇತೋಜನೆಂಬ ಶಿಲ್ಪಿಯನ್ನು ಕರೆಸಿದರು. ಅವನನ್ನೇ ಕರೆಸಿದ್ದಕ್ಕೆ ಕಾರಣವಿತ್ತು. ಹಳೆಯ ಮಂಟಪದ ಹನ್ನೆರಡನೆಯ ಕಂಬವನ್ನು ಕಡೆದವನು ಅವನ ತಂದೆ ಮಾರೋಜ. ಕಂಬ ನಿಲ್ಲಿಸಿದ ತಿಂಗಳಲ್ಲೇ ಮಾರೋಜ ಜ್ವರ ಬಂದು ತೀರಿಕೊಂಡ. ಕೇತೋಜ ಆಗಿನ್ನೂ ತಾಯಿಯ ಹೊಟ್ಟೆಯಲ್ಲಿದ್ದ. ದೂರದ ಸೋದರಮಾವನ ಊರಿನಲ್ಲಿ ಬೆಳೆದು ಉಳಿ ಹಿಡಿದವನು ಅಪ್ಪನ ಮುಖ ಕಂಡವನಲ್ಲ, ಅಪ್ಪನ ಕಂಬವನ್ನೂ ಕಂಡವನಲ್ಲ. ಈಗ ಬಂದು ನೋಡಿದರೆ ಅದೂ ಪುಡಿಪುಡಿ. ಅಪ್ಪ ಏನು ಕಡೆದಿದ್ದನೆಂದು ಮನೆಮನೆ ತಿರುಗಿ ಕೇಳಿದ. ಒಬ್ಬರು ಹಂಸ ಎಂದರು, ಇನ್ನೊಬ್ಬರು ಬಳ್ಳಿ ಎಂದರು, ಒಬ್ಬ ಅಜ್ಜನಂತೂ ಸಿಂಹವೇ ಎಂದು ದೇವರಾಣೆ ಮಾಡಿದ. ಹತ್ತು ಬಾಯಿಗೆ ಹತ್ತು ಮಾತು.

ಮಂಟಪ ಕಟ್ಟಿದ ಕಾಲದಲ್ಲೇ ಅದರ ಅಳತೆ, ಕೆತ್ತನೆಗಳನ್ನೆಲ್ಲ ಕಂಬಕ್ಕೊಂದು ಓಲೆಯಂತೆ ತಾಳೆಗರಿಯಲ್ಲಿ ಬರೆಸಿ ಬಸದಿಯ ಗ್ರಂಥಭಂಡಾರದಲ್ಲಿ ಇಟ್ಟಿದ್ದರು. ಭಂಡಾರವನ್ನು ನೋಡಿಕೊಳ್ಳುತ್ತಿದ್ದವಳು ಜಕ್ಕಬ್ಬೆಯೆಂಬ ಮುದುಕಿ. ಹಳೆಯ ಓಲೆಗಳನ್ನು ಹೊಸ ಗರಿಗೆ ಪ್ರತಿ ಮಾಡುವುದರಲ್ಲೇ ಅವಳ ಆಯುಷ್ಯ ಕಳೆದಿತ್ತು. ಆದರೆ ಮಂಟಪದ ಓಲೆಗಳ ಕಟ್ಟು ಬಿಚ್ಚುವುದು ವರ್ಷಕ್ಕೆ ಒಂದೇ ದಿನ, ಜ್ಯೇಷ್ಠ ಮಾಸದ ಶ್ರುತಪಂಚಮಿಯಂದು. ಅಂದು ಓಲೆಗಳನ್ನು ಬಿಳಿಬಟ್ಟೆಯ ಮೇಲೆ ಹರಡಿ, ಗಾಳಿಗೆ ಒಡ್ಡಿ, ಎಣ್ಣೆ ಸವರಿ, ಪೂಜೆ ಮಾಡಿ, ಹೊತ್ತು ಮುಳುಗುವ ಮುಂಚೆ ಮತ್ತೆ ಕಟ್ಟಿಡಬೇಕು. ಕೇತೋಜ ಏಳು ತಿಂಗಳು ಕಾದ. ಆ ದಿನ ಜಕ್ಕಬ್ಬೆ ಒಂದೊಂದೇ ಓಲೆ ಎತ್ತಿ ಓದುತ್ತ ಹೋದಳು, ಅವನು ಕೆಮ್ಮಣ್ಣಿನಿಂದ ಕಲ್ಲಿನ ಮೇಲೆ ಗೆರೆ ಎಳೆಯುತ್ತ ಹೋದ. ಬಿದ್ದುಹೋದ ಕಂಬಗಳು ಅಂಗಳದ ಬೆಳಕಿನಲ್ಲಿ ಒಂದೊಂದಾಗಿ ಎದ್ದು ನಿಂತಂತಾಯಿತು. ಹನ್ನೆರಡನೆಯ ಓಲೆಯಲ್ಲಿ "ಮಾರೋಜ ಕಡೆದ ಕಂಬದಲ್ಲಿ" ಎಂಬಷ್ಟನ್ನು ಓದಿ ಅವಳು ನಿಲ್ಲಿಸಿದಳು. ಮುಂದಿನದನ್ನು ಹುಳ ತಿಂದಿತ್ತು.

"ತಪ್ಪು ನನ್ನದೇ ಮಗಾ," ಎಂದಳು ಜಕ್ಕಬ್ಬೆ. "ಹೋದ ಪಂಚಮಿಗೆ ಮಳೆ ಹನಿಯಿತು. ಗಾಬರಿಯಲ್ಲಿ ಈ ಕೊನೆಯ ಓಲೆಗೆ ಎಣ್ಣೆ ಸವರದೆ ಕಟ್ಟಿಬಿಟ್ಟೆ. ನಿನ್ನ ಅಪ್ಪನ ಮುಖ ಇನ್ನೂ ಕಣ್ಣಿಗೆ ಕಟ್ಟಿದೆ, ಕಂಬದ ಮೇಲೆ ಏನಿತ್ತೋ ನನಗೂ ನೆನಪಿಲ್ಲ." ಕೇತೋಜ ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟನಂತೆ. ಆಮೇಲೆ ಕಣ್ಣೊರೆಸಿಕೊಂಡು, "ಹೋಗಲಿ ಬಿಡವ್ವ, ಹಂಸವನ್ನೇ ಕಡೆಯುತ್ತೇನೆ. ಯಾರಿಗೆ ತಿಳಿಯುತ್ತದೆ?" ಎಂದ. ಮುದುಕಿ ತಲೆಯಾಡಿಸಿದಳು. "ನಾವು ಪ್ರತಿ ಮಾಡುವಾಗ ಹುಳ ತಿಂದ ಕಡೆ ಅಷ್ಟೇ ಜಾಗ ಖಾಲಿ ಬಿಡುತ್ತೇವೆ, ನಮ್ಮ ಮಾತು ತುಂಬುವುದಿಲ್ಲ. ತುಂಬಿದರೆ ನಾಳೆ ಓದುವವನು ಅದನ್ನೇ ನಿಜ ಅಂದುಕೊಳ್ಳುತ್ತಾನೆ. ನಿನ್ನ ಅಪ್ಪ ಕಡೆಯದ ಹಂಸವನ್ನು ಅವನ ತಲೆಗೆ ಯಾಕೆ ಕಟ್ಟುತ್ತೀ?" "ಹಾಗಾದರೆ ನನ್ನ ಅಪ್ಪನ ಪಾಲಿಗೆ ಬರೀ ಕಲ್ಲೇ?" ಎಂದು ಅವನು ಸಿಟ್ಟಿನಿಂದ ಎದ್ದುಹೋದ.

ಹನ್ನೊಂದು ಕಂಬಗಳು ಓಲೆಯಲ್ಲಿದ್ದಂತೆಯೇ ಎದ್ದು ನಿಂತವು. ಹನ್ನೆರಡನೆಯದರ ಮುಂದೆ ಮಾತ್ರ ಕೇತೋಜ ಉಳಿ ಎತ್ತುವುದು, ಇಳಿಸುವುದು, ಹೀಗೆಯೇ ದಿನಗಳು ಹೋದವು. ಕೈ ಸುಮ್ಮನಿರಲಾರದೆ ನೀರು, ಮರಳು ಹಾಕಿ ಕಲ್ಲನ್ನು ಉಜ್ಜತೊಡಗಿದ. ಬಳಪದ ಕಲ್ಲು ನೋಡಿ, ಉಜ್ಜಿದಷ್ಟೂ ಹೊಳಪು ಬರುತ್ತದೆ. ಎಷ್ಟು ದಿನ ಉಜ್ಜಿದನೋ ಅವನಿಗೇ ಗೊತ್ತಿಲ್ಲ, ನಿದ್ದೆಯಲ್ಲಿದ್ದವನ ಹಾಗೆ ಉಜ್ಜುತ್ತಲೇ ಇದ್ದ ಎನ್ನುತ್ತಾರೆ. ಒಂದು ಸಂಜೆ ಇಳಿಬಿಸಿಲು ಬಾಗಿಲಿನಿಂದ ನೇರ ಒಳಗೆ ಬಂದು ಕಂಬಕ್ಕೆ ತಾಗಿತು. ದೀಪ ಹಚ್ಚಲು ಬಂದ ಜಕ್ಕಬ್ಬೆ ಅವನ ಬೆನ್ನ ಹಿಂದೆ ನಿಂತವಳು ಅವನನ್ನು ನೋಡಲಿಲ್ಲ, ಕಂಬದ ಹೊಳಪಿನಲ್ಲಿ ಮೂಡಿದ ಮುಖವನ್ನು ನೋಡಿದಳು. "ಅಯ್ಯೋ, ಮಾರೋಜಾ! ಯಾವಾಗ ಬಂದೆಯಪ್ಪಾ?" ಎಂದಳು. ಕೇತೋಜ ತಿರುಗಲಿಲ್ಲ. ಅಲುಗಾಡಿದರೆ ಆ ಮುಖ ಹೊರಟುಹೋದೀತೆಂದು ಹೊತ್ತು ಮುಳುಗುವವರೆಗೂ ಹಾಗೆಯೇ ಕೂತಿದ್ದನಂತೆ. ಮರುದಿನ ಉಳಿಯನ್ನು ಚೀಲಕ್ಕೆ ಹಾಕಿ, "ಕೆಲಸ ಮುಗಿಯಿತು" ಎಂದು ಊರವರಿಗೆ ಹೇಳಿದ. ಅಂದಿನಿಂದ ಇದು ಬರಿಗಂಬದ ಬಸದಿಯಾಯಿತು.

ತಂದೆಯನ್ನು ಕಾಣದ ಮಕ್ಕಳನ್ನು ಇವತ್ತಿಗೂ ಸಂಜೆ ಹೊತ್ತಿನಲ್ಲಿ ಅಲ್ಲಿಗೆ ಕರೆತರುತ್ತಾರೆ. ಬಂದವರು ಅಂಗೈಯಿಂದ ಕಂಬವನ್ನು ಒಮ್ಮೆ ಒರೆಸಿ ಹೋಗುತ್ತಾರೆ, ಹಾಗಾಗಿ ಹೊಳಪು ಮಾಸಿಲ್ಲ. ಫಲಕ ತಿದ್ದಿ ಎಂದು ನಾನು ಬರೆದ ಅರ್ಜಿಗಳಿಗೆ ಉತ್ತರ ಬಂದಿಲ್ಲ. ನನ್ನ ಅಪ್ಪ ತೀರಿಕೊಂಡಾಗ ನನಗೆ ಮೂರು ವರ್ಷ, ಮನೆಯಲ್ಲಿ ಅವರದೊಂದು ಫೋಟೋ ಕೂಡ ಇಲ್ಲ. ಐದೂವರೆಯ ಬಿಸಿಲಿಗೆ ನಾನೂ ಹೋಗಿ ಅಲ್ಲಿ ಕೂರುತ್ತೇನೆ.