ನಾಲ್ಕು ತೂತಿನ ಚಾಪೆ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಅಲ್ಲಿ ಮಾತಿಗಿಂತ ಸುಮ್ಮನೆ ಕೂರುವುದಕ್ಕೆ ಬೆಲೆ ಹೆಚ್ಚು.

ಎಲ್ಲರಿಗಿಂತ ಚೆನ್ನಾಗಿ ಕೂರುತ್ತಿದ್ದವನು ಫಕೀರಪ್ಪ. ಮೂವತ್ತು ದಾಟಿದವನು. ಬೆಳಗಿನ ಧ್ಯಾನಕ್ಕೆ ಕೂತನೆಂದರೆ ಮೂಗಿನ ಮೇಲೆ ನೊಣ ಕೂತರೂ ಅಲುಗುತ್ತಿರಲಿಲ್ಲ.

ಹಿರಿಯ ಶಿಷ್ಯ ಮಲ್ಲಯ್ಯ ಹೊಸಬರನ್ನು ಕರೆತಂದು ಅವನನ್ನು ತೋರಿಸುತ್ತಿದ್ದ.

"ನೋಡ್ರಿ, ಕುಂದ್ರೂದಂದ್ರ ಹಿಂಗ."

ಹೊಸಬರು ನೋಡಿ, ತಲೆದೂಗಿ, ಹೋಗಿಬಿಡುತ್ತಿದ್ದರು. ಅವನ ಜೊತೆ ಎರಡು ಮಾತಾಡಬೇಕೆಂದು ಯಾರಿಗೂ ಅನಿಸುತ್ತಿರಲಿಲ್ಲ. ಗುಡಿಯ ಮೂರ್ತಿಯ ಜೊತೆ ಯಾರಾದರೂ ಹರಟೆ ಹೊಡೆಯುತ್ತಾರೆಯೇ?

ಆ ಮೂರ್ತಿಯ ಒಳಗೆ ಏನು ನಡೆಯುತ್ತಿತ್ತೆಂಬುದು ಫಕೀರಪ್ಪನೊಬ್ಬನಿಗೇ ಗೊತ್ತು. ಜಾಗಟೆ ಬಾರಿಸಿದರೆ ಸದ್ದು ಅವನ ಹಲ್ಲಿನ ಬೇರಿಗೆ ಇಳಿಯುತ್ತಿತ್ತು. ಪಕ್ಕದವನು ಕೆಮ್ಮಿದರೆ ಬೆನ್ನು ಬಿಗಿಯುತ್ತಿತ್ತು. ಒಗ್ಗರಣೆಯ ಘಾಟು, ಹೆಗಲ ಮೇಲಿನ ಬಟ್ಟೆಯ ಒರಟು ಅಂಚು, ಊಟದ ಪಂಕ್ತಿಯಲ್ಲಿ ನಾಲ್ಕು ಜನ ಒಟ್ಟಿಗೆ ಆಡುವ ಮಾತು, ಯಾವುದೂ ಅವನನ್ನು ಅವನ ಪಾಡಿಗೆ ಬಿಡುತ್ತಿರಲಿಲ್ಲ. ಬೆಳಿಗ್ಗೆ ಏಳುವಾಗಲೇ ದವಡೆ ನೋಯುತ್ತಿತ್ತು. ನಿದ್ದೆಯಲ್ಲೂ ಅವನು ಹಲ್ಲು ಕಚ್ಚಿಕೊಂಡೇ ಇರುತ್ತಿದ್ದ.

ಚಿಕ್ಕಂದಿನಲ್ಲಿ ಅವನು ಕೂತಲ್ಲೇ ಹಿಂದೆ ಮುಂದೆ ತೂಗುತ್ತಿದ್ದ. ತೂಗಿದರೆ ಎಲ್ಲವೂ ಸ್ವಲ್ಪ ದೂರ ಸರಿದ ಹಾಗಾಗುತ್ತಿತ್ತು. ಊರ ಮಂದಿ ಕೋಲೆಬಸವ ಎಂದು ಕರೆದು ನಕ್ಕರು. ಶಾಲೆಯ ಮಾಸ್ತರರು ಬೆನ್ನಿಗೆ ಬೆತ್ತ ತಾಗಿಸಿ ನೆಟ್ಟಗೆ ಕೂರಿಸಿದರು. ಹುಡುಗ ಕಲಿತ. ಚೆನ್ನಾಗಿಯೇ ಕಲಿತ.

ಈಗ ಧ್ಯಾನಕ್ಕೆ ಕೂತಾಗ ಅವನ ಎರಡೂ ಕೈ ಮಂಡಿಯ ಹತ್ತಿರ ಚಾಪೆಯನ್ನು ಗಟ್ಟಿಯಾಗಿ ಹಿಡಿದಿರುತ್ತಿದ್ದವು. ಮೇಲೆ ಬಟ್ಟೆಯ ಮರೆ ಇರುತ್ತಿತ್ತು, ಯಾರಿಗೂ ಕಾಣುತ್ತಿರಲಿಲ್ಲ.

ಒಂದು ದಿನ ಮಲ್ಲಯ್ಯ ಬಹಳ ಪ್ರೀತಿಯಿಂದ ಹೇಳಿದ.

"ಫಕೀರಪ್ಪ, ನಾಳಿಂದ ನೀನು ಮುಂದಿನ ಕಟ್ಟಿ ಮ್ಯಾಲ ಕುಂದ್ರು. ಎರಡೂ ಹೊತ್ತು. ಎಲ್ಲಾರಿಗೂ ಕಾಣ್ಲಿ."

ಫಕೀರಪ್ಪ ಆಗಲೆಂದು ತಲೆಯಾಡಿಸಿದ. ನಂತರ ತನ್ನ ಚಾಪೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊಳೆಯ ಕಡೆ ನಡೆದ. ಇನ್ನು ಅವನ ಕೈಲಿ ಆಗುತ್ತಿರಲಿಲ್ಲ.

ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ಸೇರಲು ಬಂದವರಿಗೆಲ್ಲ ಗುರುಗಳೇ ಕೈಯಾರೆ ಚಾಪೆ ಹೆಣೆದು ಕೊಡುತ್ತಿದ್ದರು. ಬಿಟ್ಟು ಹೋಗುವವರು ಅದನ್ನು ಗುರುಗಳಿಗೆ ತೋರಿಸಿ, ತಲೆಯ ಮೇಲೆ ಹೊತ್ತು ಹೋಗಬೇಕು. ಹರಿದ ಚಾಪೆ ಹೊತ್ತು ಹೊಸಿಲು ದಾಟುವ ಹಾಗಿಲ್ಲ.

ಗುರು ಅಡವಯ್ಯಜ್ಜ ಮರಳಿನಲ್ಲಿ ಗೂಟ ಹೊಡೆದು, ಹುರಿ ಬಿಗಿದು, ಜೊಂಡು ಪೋಣಿಸುತ್ತ ಕೂತಿದ್ದರು. ಎಂಬತ್ತರ ಮುದುಕರು. ಕಣ್ಣು ಮಂಜಾಗಿತ್ತು, ಎದುರಿಗಿದ್ದವರು ನೆರಳಾಗಿ ಮಾತ್ರ ಕಾಣುತ್ತಿದ್ದರು, ಉಳಿದದ್ದನ್ನು ಕೈಯಲ್ಲೇ ನೋಡುತ್ತಿದ್ದರು. ಎದುರಿಗೆ ಕೂತು ಜೊಂಡು ಕೊಡುತ್ತಿದ್ದ ಅವರ ಗೆಳೆಯ ಹನುಮಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ಅಜ್ಜನ ಚಾಪೆಗಳೆಲ್ಲ ಸೊಟ್ಟ. ಶಿಷ್ಯರು ಅವನ್ನು ಕಣ್ಣಿಗೊತ್ತಿಕೊಂಡು ಸುಮ್ಮನಿರುತ್ತಿದ್ದರು.

"ಹೊಂಟೀನ್ರಿ ಅಜ್ಜಾರ. ಅಪ್ಪಣಿ ಕೊಡ್ರಿ."

"ಎಲ್ಲಿಗೆ?"

"ಗೊತ್ತಿಲ್ರಿ. ಮಂದಿ ಇಲ್ಲದ ಕಡೆ."

"ಚಾಪಿ ತೋರ್ಸು."

ಫಕೀರಪ್ಪ ಅಳುಕುತ್ತ ಬಿಚ್ಚಿ ಹಾಸಿದ. ಅಜ್ಜ ಅಂಗೈ ಆಡಿಸಿದರು. ಒಂದು ತೂತಿನಲ್ಲಿ ಬೆರಳು ಹೋಯಿತು. ಇನ್ನೊಂದರಲ್ಲಿ ಹೋಯಿತು. ಮತ್ತೆ ಎರಡರಲ್ಲಿ.

"ಎಲ್ಲಾರ ಚಾಪಿ ಕುಂತಲ್ಲಿ ಸವೀತಾವು. ನಿಂದು ನಡು ಹೊಸಾದು ಇದ್ದಂಗ ಐತಿ, ಹಿಡದಲ್ಲಿ ಸವದೈತಿ. ಅದೂ ನಾಕು ಕಡೆ. ನಿನಗ ಎಷ್ಟು ಕೈ ಅದಾವೋ?"

"ಎರಡು ತೂತು ಬಿದ್ದ ಮ್ಯಾಲ ಹಿಂದಿನ ಬದಿ ಮುಂದ ಮಾಡಿ ಹಾಸೀನ್ರಿ. ಯಾರರ ನೋಡ್ಯಾರು ಅಂತ."

ಅಜ್ಜ ಹೊಟ್ಟೆ ಕುಲುಕಿಸಿ ನಕ್ಕರು. ಫಕೀರಪ್ಪನಿಗೆ ನಗು ಬರಲಿಲ್ಲ.

"ಇಷ್ಟು ಗಟ್ಟಿ ಯಾಕ ಹಿಡೀತಿ?"

ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ.

"ಎದುರಿಗೆ ಹುಲಿ ಬಂದ್ರ ಮೈ ಹೆಂಗ ಆಗತೈತಿ, ನನ್ನ ಮೈ ದಿನಾ ಹಂಗ ಇರತೈತ್ರಿ. ಹುಲಿ ಬರೂದೂ ಇಲ್ಲ, ಹೆದರಿಕಿ ಹೋಗೂದೂ ಇಲ್ಲ. ಕೈ ಬಿಟ್ರ ಮೈ ತೂಗತೈತಿ. ತೂಗಿದ್ರ ಮಂದಿ ನಗ್ತಾರ."

"ಕುಂತಾಗ ಒಂದು ದಿನರ ಸಮಾಧಾನ ಆಗೇತೇನು?"

"ಇಲ್ರಿ. ಎಲ್ಲಾರಿಗೂ ಆಗತೈತಿ. ನನಗೊಬ್ಬಂಗ ಆಗೂದಿಲ್ಲ."

ಹೇಳಿ ಮುಗಿಸಿದ ಮೇಲೆ ಅವನಿಗೆ ಹಗುರವೇನೂ ಆಗಲಿಲ್ಲ. ಇದ್ದ ಒಂದು ಮರೆಯೂ ಹೋಯಿತಲ್ಲ ಎಂದು ಭಯವಾಯಿತು. ಅಜ್ಜ ಈಗ ಉಪದೇಶ ಮಾಡುತ್ತಾರೆ, ಉಸಿರಿನ ಮೇಲೆ ಗಮನ ಇಡು ಎನ್ನುತ್ತಾರೆ ಎಂದು ಕಾದ.

ಅಜ್ಜ ಹರಿದ ಚಾಪೆಯನ್ನು ಪಕ್ಕಕ್ಕೆ ಸರಿಸಿದರು.

"ಇದು ರಿಪೇರಿ ಆಗೂದಿಲ್ಲ. ಹೊಸಾದು ಹೆಣೀಬೇಕು. ಜೊಂಡು ಕೊಡಾಕ ನನಗ ಯಾರೂ ಇಲ್ಲ. ಕುಂದ್ರು. ಮುಗದ ಮ್ಯಾಲ ಹೊತ್ಕೊಂಡು ಹೋಗು."

ಫಕೀರಪ್ಪ ಹನುಮಜ್ಜ ಕೂರುತ್ತಿದ್ದ ಜಾಗದಲ್ಲಿ ಕೂತ. ಮರಳಿನ ಮೇಲೆ ಹಿಡಿಯಲು ಏನೂ ಸಿಗಲಿಲ್ಲ. ಒಂದು ಕೈಯಿಂದ ಜೊಂಡು ಕೊಟ್ಟ, ಇನ್ನೊಂದು ಕೈಯಿಂದ ತನ್ನ ಮಂಡಿಯನ್ನೇ ಹಿಡಿದುಕೊಂಡ.

ಅಜ್ಜ ಜೊಂಡು ಪೋಣಿಸುವರು, ಅದು ಬಿಗಿಯಾಗಿ ಕೂರಲೆಂದು ಮರದ ಹಲಗೆಯಿಂದ ಎರಡು ಸಲ ಬಡಿಯುವರು. ಮತ್ತೆ ಜೊಂಡು, ಮತ್ತೆ ಎರಡು ಬಡಿತ. ಸಂಜೆಯ ಹೊತ್ತಿಗೆ ಒಂದು ಗೇಣು ಚಾಪೆ ಆಯಿತು. ಅಜ್ಜ ಅಂಚನ್ನು ಸವರಿ ನೋಡಿದರು. ಸೊಟ್ಟ.

"ಬಿಚ್ಚು."

ಎರಡನೆಯ ದಿನವೂ ಹಾಗೆಯೇ ಆಯಿತು.

"ಬಿಚ್ಚು."

ಫಕೀರಪ್ಪನಿಗೆ ರೇಗಿತು.

"ನನ್ನ ಹೋಗಗೊಡಬಾರದಂತ ಹಿಂಗ ಮಾಡಾಕತ್ತೀರೇನ್ರಿ?"

"ಕೈ ಮಾತು ಕೇಳವಲ್ದೋ ತಮ್ಮ. ಹನುಮ ಇದ್ದಾಗ ಅವ ಗುನುಗೂದರ ಮ್ಯಾಲ ಹಲಗಿ ಬಡೀತಿದ್ದೆ. ಅವ ಹೋದ. ಈಗ ಒಂದು ಬಡತ ಬಿಗಿ, ಒಂದು ಸಡ್ಲ."

"ಬ್ಯಾರೆ ಯಾರನ್ನರ ಹಾಡಾಕ ಕರೀರಿ."

"ಕರದಿದ್ದೆ. ಮಲ್ಲಯ್ಯ ಬಂದು ಹಾಡಿದ. ಭಾಳ ಚಲೋ ಹಾಡ್ತಾನ. ಅದನ್ನ ಕೇಳ್ಕೋತ ಹೆಣಿಯೂದು ಮರತೆ."

ಅಜ್ಜ ಒಂದೊಂದೇ ಎಳೆ ಬಿಚ್ಚತೊಡಗಿದರು. ಫಕೀರಪ್ಪ ಆ ಕೈಗಳನ್ನು ನೋಡಿದ. ಎರಡು ವರ್ಷದಿಂದ ಈ ಮುದುಕರು ಖಾಲಿ ಮರಳಿನ ಎದುರು ಕೂತು ಹೆಣೆಯುತ್ತಿದ್ದಾರೆಂಬುದು ಅವನಿಗೆ ಮೊದಲ ಸಲ ತೋಚಿತು. ತನ್ನ ಹಾಗೆ ಇನ್ನೊಬ್ಬರೂ ಒಂಟಿ ಇರಬಹುದೆಂದು ಅವನು ಯೋಚಿಸಿಯೇ ಇರಲಿಲ್ಲ. ರೇಗಿದ್ದಕ್ಕೆ ನಾಚಿಕೆಯಾಗಿ ತಾನೂ ಎಳೆ ಬಿಚ್ಚಲು ಕೈ ಹಾಕಿದ.

ಮೂರನೆಯ ದಿನ ಅವನಲ್ಲಿ ಮಂಡಿ ಹಿಡಿಯುವಷ್ಟು ಶಕ್ತಿಯೂ ಉಳಿದಿರಲಿಲ್ಲ. ತೋಳು ಸೋತಿತ್ತು, ಬೆರಳು ಬಾತಿತ್ತು. ದಡದ ಕೆಳಗೆ ಇಲ್ಲಿಗೆ ಜಾಗಟೆ ಕೇಳುತ್ತಿರಲಿಲ್ಲ. ಹೊಳೆಯ ಸದ್ದು ಒಂದೇ ಸಮ ಇತ್ತು, ಅದು ಅವನನ್ನು ಏನೂ ಕೇಳುತ್ತಿರಲಿಲ್ಲ. ಹಸಿ ಜೊಂಡಿನ ವಾಸನೆ ಅವನಿಗೆ ಹಿಡಿಸಿತು.

ಜೊಂಡು ಕೊಟ್ಟ. ಹಲಗೆ ಬಡಿಯಿತು. ಜೊಂಡು ಕೊಟ್ಟ. ಹಲಗೆ ಬಡಿಯಿತು.

ಮುಷ್ಟಿ ಯಾವಾಗ ಬಿಚ್ಚಿತೋ ಅವನಿಗೆ ತಿಳಿಯಲಿಲ್ಲ. ಹೆಗಲು ಕಿವಿಯ ಹತ್ತಿರದಿಂದ ಕೆಳಗಿಳಿಯಿತು. ಹಲ್ಲಿನಿಂದ ಹಲ್ಲು ಬೇರೆಯಾಯಿತು. ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ನಾಲ್ಕು ಗೇಣು ಚಾಪೆ ಆಗಿತ್ತು. ಬಗ್ಗಿ ನೋಡಿದರೆ ಅಂಚು ನೇರವಾಗಿತ್ತು. ಅವನಿಗೆ ಆಶ್ಚರ್ಯವಾಯಿತು. ಆದರೆ ಯಾಕೆ ಹೀಗಾಯಿತೆಂದು ಯೋಚಿಸುವ ಗೊಡವೆಗೆ ಹೋಗದೆ ಮತ್ತೊಂದು ಜೊಂಡು ಕೊಟ್ಟ.

ಆಗ ದಡದ ಮೇಲಿನಿಂದ ಮಾತು ಕೇಳಿತು. ಮಲ್ಲಯ್ಯ ಹೊಸಬರನ್ನು ಸ್ನಾನಕ್ಕೆ ಕರೆತರುತ್ತಿದ್ದ. ಹೊಸಬರಲ್ಲಿ ಒಬ್ಬ ಕೈ ತೋರಿಸಿ ಕಿಸಕ್ಕನೆ ನಕ್ಕ.

"ಆ ಕಲ್ಲಿನಂಗ ಕುಂದ್ರಾವ ಅವನೇನ್ರಿ? ಕೋಲೆಬಸವನಂಗ ತೂಗಾಕತ್ತಾನಲ್ರಿ!"

ತಾನು ತೂಗುತ್ತಿದ್ದೇನೆಂದು ಫಕೀರಪ್ಪನಿಗೆ ತಿಳಿದದ್ದು ಆಗಲೇ. ಬೆಳಗಿನಿಂದ ತೂಗುತ್ತಿದ್ದೆನೇ? ಇವರೆಲ್ಲ ನೋಡಿಬಿಟ್ಟರೇ? ಅವನ ಬೆನ್ನು ಸೆಟೆದು ನಿಂತಿತು. ದವಡೆ ಕಚ್ಚಿಕೊಂಡಿತು. ಹಿಡಿದುಕೊಳ್ಳಲು ಏನಾದರೂ ಸಿಕ್ಕೀತೇ ಎಂದು ಕೈ ಮರಳಿನಲ್ಲಿ ತಡಕಾಡಿತು.

ಅವನು ಕಲ್ಲಾಗಿ ಕೂತ.

ಅಜ್ಜನ ಕೈಯಲ್ಲಿ ಎತ್ತಿದ ಹಲಗೆ ಎತ್ತಿದಲ್ಲೇ ನಿಂತಿತು.

ಮಲ್ಲಯ್ಯ ಹತ್ತಿರ ಬಂದು ಚಾಪೆ ನೋಡಿ ಹಿಗ್ಗಿದ.

"ಎಷ್ಟು ನೆಟ್ಟಗ ಬಂದೈತ್ರಿ ಅಜ್ಜಾರ! ಎರಡು ವರ್ಷದ ಮ್ಯಾಲ! ಮುಗೀಲಿಕ್ಕೆ ಬಂತಲ್ರಿ. ಹಂಗಾರ ಫಕೀರಪ್ಪ ಇವತ್ತ ಹೊತ್ಕೊಂಡು ಹೊಂಟಂಗ."

ಅಜ್ಜ ಮಲ್ಲಯ್ಯನ ಕಡೆ ತಿರುಗಲಿಲ್ಲ. ಹೊಸಬರ ಕಡೆಯೂ ತಿರುಗಲಿಲ್ಲ. ಮಂಜುಗಣ್ಣನ್ನು ಎದುರಿಗಿದ್ದವನ ಮೇಲೆ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಯಾಕ ನಿಲ್ಲಿಸಿದಿ ಫಕೀರಾ? ಮುಂಜಾನಿಂದ ನಿನ್ನ ತೂಗಾಟದ ಮ್ಯಾಲೇ ಹೆಣಿಯಾಕತ್ತೀನಿ. ತೂಗು."